ಒಬ್ಬಾಕಿನೋ, ನಾಕ ಮಂದಿ ಜೋಡಿನೋ

ನಮ್ಮ ಭಾಗಿಗೆ ನೌಕರಿ ಸಿಕ್ತು.

ಮೊದಲು ಇದೊಂದು ಮಾತು ಹೇಳಿಬಿಟ್ಟರ ನನ್ನ ಎದಿ ಹಗುರ ಆಗತೈತಿ. ಉಳಿದದ್ದನ್ನ ಸಾವಕಾಶ ಹೇಳತೀನಿ. ಭಾಗಿ ಅಂದರ ಭಾಗ್ಯಶ್ರೀ, ನನ್ನ ಮಗನ ಮಗಳು. ಡಿಪ್ಲೊಮಾ ಮೆಕ್ಯಾನಿಕಲ್ ಕಲತಾಳ. ಬೆಳಗಾವಿ ಉದ್ಯಮಬಾಗಿನಾಗ ಒಂದು ಕಾರಖಾನಿ. ಅಲ್ಲಿ ತಯಾರಾಗೂ ಕಬ್ಬಿಣದ ಭಾಗಗಳನ್ನ ಅಳದು ನೋಡಿ, ಇದು ಪಾಸು, ಇದು ನಾಪಾಸು ಅಂತ ಹೇಳೂದು ಅಕಿ ಕೆಲಸ. ಮೊನ್ನೆ ಗುರುವಾರ ಮುಂಜಾನಿ ಹನ್ನೊಂದರ ಸುಮಾರಿಗೆ ಫೋನ್ ಬಂತು. ಸೋಮವಾರದಿಂದ ಬಾ ಅಂದರು. ಅಕಿ ಫೋನ್ ಕೆಳಗಿಟ್ಟು ಗ್ವಾಡಿ ನೋಡಕೋತ ನಿಂತಳು. ನಾನು ಚಪ್ಪಲಿ ಮೆಟ್ಟಿಕೊಂಡು ಖಾನಾಪುರ ಸ್ಟೇಷನ್ ರೋಡಿಗೆ ಹೋಗಿ ಸಿಕ್ಕಸಿಕ್ಕವರಿಗೆಲ್ಲಾ ಹೇಳಿಬಂದೆ. ಕಟಿಂಗ್ ಅಂಗಡಿ ಆತು, ಹಿಟ್ಟಿನ ಗಿರಣಿ ಆತು, ಔಷಧ ಅಂಗಡಿ ಆತು. ಔಷಧ ಅಂಗಡಿಯವರು "ಏನ ಬೇಕ್ರಿ ಅಜ್ಜಾರ" ಅಂದರು. "ಏನೂ ಬ್ಯಾಡ್ರಿ, ಮೊಮ್ಮಗಳಿಗೆ ನೌಕರಿ ಸಿಕ್ತು" ಅಂದೆ. ಗಿರಣಿಯವನಿಗೆ ಎರಡು ಸಲ ಹೇಳಿದೆನಂತ. ಗಿರಣಿ ಸಪ್ಪಳದಾಗ ಮೊದಲನೇ ಸಲ ಕೇಳಿಸಿರಲಿಕ್ಕಿಲ್ಲ ಅಂತ ನಾನು, ಎರಡೂ ಸಲ ಕೇಳಿಸಿತ್ತು ಅಂತ ಅಂವಾ.

ಮನಿಗೆ ಬಂದು ನನ್ನ ಹೊರಸಿನ ಮ್ಯಾಲೆ ಕುಂತರ ತೊಡಿ ಕೆಳಗ ಒಂದು ಹಾಳಿ ಸಿಕ್ತು. ಇಂಟರ್‌ವ್ಯೂದಾಗ ಏನೇನ ಕೇಳತಾರ ಅಂತ ಭಾಗಿ ಬರಕೊಂಡ ಇಪ್ಪತ್ತು ಪ್ರಶ್ನೆ. ನನ್ನ ಸಲುವಾಗಿ ಎಲ್ಲಾನೂ ಕನ್ನಡದಾಗ ಬರದಿದ್ದಳು, ಯಾಕಂದರ ನಾನು ಸಾಹೇಬ ಆಗಿ ಕೇಳಬೇಕು, ಅಕಿ ಉತ್ತರ ಹೇಳಬೇಕು, ಹಂಗ ನಮ್ಮಿಬ್ಬರ ತಾಲೀಮು ನಡೀತಿತ್ತು. ಏಳನೇ ಪ್ರಶ್ನೆ ಕೆಳಗ ಮೂರು ಗೆರಿ ಎಳದಾಳ. "ನಿಮಗೆ ಒಬ್ಬರೇ ಕೆಲಸ ಮಾಡುವುದು ಇಷ್ಟವೋ, ಬೇರೆಯವರ ಜೊತೆ ಮಾಡುವುದು ಇಷ್ಟವೋ?"

ಇದೇ ಪ್ರಶ್ನೆ ನಮ್ಮ ಮನಿಯಾಗ ಒಂದು ವರ್ಷ ಗುದ್ದಾಡಿತು.

ನನಗ ಇಂಥಾ ಪ್ರಶ್ನೆ ಯಾರೂ ಕೇಳಲಿಲ್ಲ ನೋಡ್ರಿ. ನಾ ಕಲತದ್ದು ನಾಕನೇತ್ತಾ, ಅದೂ ಅರ್ಧಾ. ಜಾಂಬೋಟಿ ಕಡೆ ನಮ್ಮ ಹಳ್ಳಿ. ಸಾಲಿಯಾಗ ನನಗೂ ನನ್ನ ದೋಸ್ತನಿಗೂ ಕೂಡಿ ಒಂದೇ ಪಾಟಿ. ನಡುವ ಖಡುದಿಂದ ಒಂದು ಗೆರಿ, ಎಡಕ ಅವನ ಲೆಕ್ಕ, ಬಲಕ ನನ್ನ ಲೆಕ್ಕ. ಯಾರದು ತಪ್ಪಿದರೂ ಮಾಸ್ತರು ಇಬ್ಬರಿಗೂ ಹೊಡಿತಿದ್ದರು, ಯಾಕಂದರ ಅವರ ಟೇಬಲ್‌ತನಾ ಪಾಟಿ ಒಯ್ಯೂದರಾಗ ನಡುವಿನ ಗೆರಿ ಅಳಿಸಿ ಹೋಗಿರತಿತ್ತು. ಮಳಿಗಾಲ ಬಂತಂದರ ಆ ಪಾಟಿಯೂ ಬಂದ್. ಎಲ್ಲಾರೂ ನಾಟಿಗೆ. ಇವತ್ತು ನಿಮ್ಮ ಗದ್ದಿಗೆ ನಾವು, ನಾಳೆ ನಮ್ಮ ಗದ್ದಿಗೆ ನೀವು, ಮುಯ್ಯಾಳು ಅಂತಾರ ಅದಕ್ಕ. ಇಪ್ಪತ್ತು ಮಂದಿ ಒಂದೇ ಸಾಲಿನಾಗ ಬಗ್ಗಿ, ಹಿಂದಕ್ಕ ಸರಕೋತ ಸಸಿ ಊರೂದು. ನಮ್ಮವ್ವ ನನ್ನ ಬಾಜುಕ ನಿಲ್ಲತಿದ್ದಳು. ನನ್ನ ಕೈ ಸಣ್ಣದು, ಸಾಲು ಸೊಟ್ಟ ಆಗತಿತ್ತು, ನಡುವ ಜಾಗಾ ಉಳೀತಿತ್ತು. ನಾ ಬಿಟ್ಟ ಜಾಗಾದಾಗ ಅಕಿ ಯಾರಿಗೂ ಕಾಣದಂಗ ಎರಡು ಸಸಿ ಊರಿ ಮುಂದ ಹೋಗತಿದ್ದಳು. ಸಂಜಿಕ ಗದ್ದಿಯವರು "ಏನೋ, ನಿನ್ನ ಸಾಲು ಬರೋಬ್ಬರಿ ಬಂದೈತಲ್ಲೋ" ಅಂದರ ನಾ ಎದಿ ಉಬ್ಬಿಸಿ ನಿಲ್ಲತಿದ್ದೆ. ಅವ್ವ ಕಾಲು ತೊಳಕೋತ ಸುಮ್ಮ ಇರತಿದ್ದಳು. ಮಂದಿ ಮಾಡಿದ್ದನ್ನ ನಂದು ಅಂತ ಹೇಳಿಕೊಳ್ಳೂ ಚಟ ನನಗ ಅಲ್ಲಿಂದನ ಹತ್ತಿರಬೇಕು.

ದೊಡ್ಡಾಂವ ಆದ ಮ್ಯಾಲೆ ರೈಲ್ವೆಯವರು ಹಳಿ ಕೆಲಸಕ್ಕ ಆಳು ತಗೋತಾರ ಅಂತ ಸುದ್ದಿ ಕೇಳಿ ಲೋಂಡಾಕ್ಕ ಹೋಗಿ ಸಾಲಿನಾಗ ನಿಂತೆ. ಸಾಹೇಬರು ನನ್ನ ಅಂಗೈ ಮ್ಯಾಲೆ ಒಂದು ಬಟ್ಟು ಆಡಿಸಿ, ದಡ್ಡು ಬಿದ್ದದ್ದು ನೋಡಿ "ಹ್ಞೂಂ" ಅಂದರು. ಅಷ್ಟ ನನ್ನ ಇಂಟರ್‌ವ್ಯೂ. ಅಂಗೈ ಒಂದು ಉತ್ತರ ಹೇಳಿತು, ಬಾಯಿಗೆ ಕೆಲಸ ಬೀಳಲಿಲ್ಲ.

ಅಲ್ಲಿ ನಾ ಎರಡು ನಮೂನಿ ಕೆಲಸ ಮಾಡಿದೆ. ಬ್ಯಾಸಗಿ, ಚಳಿಗಾಲದಾಗ ಗ್ಯಾಂಗಿನ ಕೆಲಸ. ಹದಿನಾರು ಮಂದಿ ಕೂಡಿ ಹಳಿ ಎತ್ತೂದು, ಸ್ಲೀಪರಿನ ಕೆಳಗ ಖಡಿ, ಅಂದರ ಜಲ್ಲಿಕಲ್ಲು, ತುಂಬೂದು. ಹಳಿ ಎತ್ತೂವಾಗ ಒಬ್ಬಾಂವ ಕೂಗತಾನ, ಉಳಿದವರು ಒಂದೇ ಉಸಿರಿಗೆ ಎತ್ತತಾರ. ಒಬ್ಬ ಅರ್ಧ ಉಸಿರು ತಡಾ ಮಾಡಿದರ ಬಾಜೂದವನ ನಡ ಹೋತಂತನ ತಿಳೀರಿ. ಮಳಿಗಾಲದಾಗ ಗಸ್ತು. ಅದು ಒಬ್ಬನೇ. ತಲಿ ಮ್ಯಾಲೆ ಕಂಬಳಿ ಕೊಪ್ಪಿ, ಕೈಯಾಗ ದೀಪ, ಬಗಲಾಗ ಕೆಂಪು ಹಸಿರು ಝಂಡಾ, ಚೀಲದಾಗ ಹಳಿ ಮ್ಯಾಲೆ ಇಡೂ ಪಟಾಕಿ. ಗಾಲಿ ಅದರ ಮ್ಯಾಲೆ ಹಾದರ ಢಂ ಅಂತೈತಿ, ಡ್ರೈವರ್ ಗಾಡಿ ನಿಲ್ಲಸತಾನ. ಎಲ್ಲಿ ಮಣ್ಣು ಕುಸದೈತಿ, ಎಲ್ಲಿ ಗಿಡ ಬಾಗೇತಿ ನೋಡಕೋತ ಕಾಡಿನಾಗ ನಡದು, ನನ್ನ ಹದ್ದು, ಅಂದರ ನನ್ನ ಪಾಲಿನ ಹಳಿ, ಮುಗಿಯೂತನಾ ಹೋಗಿ ತಿರುಗಿ ಬರೂದು.

ಮನಿಯಾಗ ಮಕ್ಕಳಿಗೆ, ಮೊಮ್ಮಗಳಿಗೆ ನಾ ಹೇಳಿದ್ದು ಬರೇ ಗಸ್ತಿನ ಕಥಿ. ಗ್ಯಾಂಗಿನ ಕಥಿ ಹೇಳಿದರ ಹೆಸರು ಹದಿನಾರು ಮಂದಿಗೆ ಹಂಚಬೇಕಾಗತೈತಿ. ಗಸ್ತಿನ ಕಥಿಯಾಗ ನಾ ಒಬ್ಬನೇ. ಒಂದಿನ ಹಳಿ ಮ್ಯಾಲೆ ಕಾಡುಕೋಣ ಅಡ್ಡ ನಿಂತಿತ್ತು, ನಾ ದೀಪಾ ಎತ್ತಿ ಹಿಡದು ನಿಂತೆ, ಅದು ಹೋತು. ಇಷ್ಟ ನಡದದ್ದು. ಹೇಳಕೋತ ಹೇಳಕೋತ ಕೋಣಗಳು ಮರಿ ಹಾಕಿದವು. ನಮ್ಮಾಕಿ, ಭಾಗಿಯ ಅಜ್ಜಿ, ಹಂಚಿನ ಮುಂದ ಕುಂತಲ್ಲಿಂದನ ಅಂತಾಳ, "ಹೋದ ವರ್ಷ ಐದ ಇದ್ದೂರಿ. ಈಗ ಒಂಬತ್ತಾದೂ?"

ಹಿಂಗಾಗಿ ಭಾಗಿ ಮೊದಲನೇ ಇಂಟರ್‌ವ್ಯೂಕ್ಕ ಹೋಗೂವಾಗ ಏಳನೇ ಪ್ರಶ್ನೆಗೆ ಏನು ಹೇಳಲಿ ಅಜ್ಜಾ ಅಂತ ನನ್ನನ್ನ ಕೇಳಿದಳು. ನಾ ಮೀಸಿ ತಿರುವಿ ಹೇಳಿದೆ, "ಒಬ್ಬಾಕಿನೇ ಮಾಡತೀನಿ ಅನ್ನು. ಯಾರ ಹಂಗೂ ಬೇಕಾಗಿಲ್ಲ ಅನ್ನು. ನಮ್ಮಜ್ಜ ಕಾಡಿನಾಗ ಒಬ್ಬನೇ ನಡದಾನ, ಅವನ ರಕ್ತ ನಂದು ಅನ್ನು." ಅಕಿ ರಕ್ತದ ಮಾತು ಒಂದು ಬಿಟ್ಟು ಉಳಿದದ್ದೆಲ್ಲಾ ಹಂಗ ಹೇಳಿಬಂದಳು. ಅವರು ತಿಳಸತೀವಿ ಅಂದರು. ಇನ್ನೂ ತಿಳಸಾಕತ್ತಾರ.

ಎರಡನೇ ಸಲ ನನ್ನನ್ನ ಕೇಳಲಿಲ್ಲ. ಮೊಬೈಲಿನಾಗ ಯಾರೋ ಕೋಟು ಹಾಕಿಕೊಂಡಾಂವ ಹೇಳೂ ಉತ್ತರ ಬಾಯಿಪಾಠ ಮಾಡಿದಳು. ನನಗ ಎಲ್ಲಾರ ಸಂಗಾಟ ಕೆಲಸ ಮಾಡೂದು ಭಾಳ ಇಷ್ಟ, ಎಲ್ಲಾರೂ ಕೂಡಿ ಮಾಡಿದರ ಏನ ಬೇಕಾದರೂ ಸಾಧಸಬಹುದು, ಹಂಗ ಏನೋ ಇತ್ತು. ಅಲ್ಲಿದ್ದ ಮೇಡಮ್ಮು, "ಹೌದಾ? ಒಂದು ಉದಾಹರಣಿ ಹೇಳು" ಅಂದರು. ಕೋಟು ಹಾಕಿದಾಂವ ಉದಾಹರಣಿ ಹೇಳಿಕೊಟ್ಟಿರಲಿಲ್ಲ. ಭಾಗಿ ಮತ್ತೊಮ್ಮೆ ಅದನ್ನ ಮೊದಲಿಂದ ಹೇಳಿದಳಂತ. ಅಲ್ಲೂ ತಿಳಸತೀವಿ ಅಂದರು, ಆಗಲಿಲ್ಲ.

ಅಕಿ ಅಳೂ ಪೈಕಿ ಅಲ್ಲ. ಬ್ಯಾಸರ ಆದರ ಅಳೀತಾಳ. ಕಣ್ಣೀರು ಅಳೂದಲ್ಲ, ಅಳತಿ ಮಾಡೂದು. ಡಿಪ್ಲೊಮಾ ಕಲಿಯೂವಾಗ ಒಂದು ವರ್ನಿಯರ್ ತಗೊಂಡಾಳ, ಸ್ಟೀಲಿನ ಇಕ್ಕಳ ಇದ್ದಂಗ ಇರತೈತಿ, ಕೂದಲಿನಷ್ಟು ದಪ್ಪನೂ ಅದರಾಗ ಸಿಗತೈತಿ. ಎರಡನೇ ಇಂಟರ್‌ವ್ಯೂ ಆದ ಮರುದಿನ ಮನಿಯಾಗಿನ ಲೋಟಾ, ಕೀಲಿ, ನನ್ನ ಚಷ್ಮಾದ ಗಾಜು, ನನ್ನ ಉಗುರು, ಎಲ್ಲಾ ಅಳದಳು. ನಮ್ಮಾಕಿ ಬಡದ ರೊಟ್ಟಿ ಅಳದು, "ಆಯೀ, ಈ ಕಡೆ ಎರಡು ಮಿಲಿಮೀಟರ್, ಆ ಕಡೆ ಮೂರು" ಅಂದಳು. ನಮ್ಮಾಕಿ ಹಿಟ್ಟಿನ ಕೈ ಝಾಡಿಸಿ, "ಎರಡರ ಕಡಿಯಿಂದ ತಿನ್ನಾಕ ಹತ್ತು, ಮೂರಕ್ಕ ಬರೂದರಾಗ ಹೊಟ್ಟಿ ತುಂಬತೈತಿ" ಅಂದಳು.

ಅಳತಿ ಅಂದರ ಅಷ್ಟು ಜೀವ ಅಕಿಗೆ. ಆದರ ಡಿಪ್ಲೊಮಾ ಮುಗದು ವರ್ಷ ಆಗಿತ್ತು. ಅವರಪ್ಪ, ಅಂದರ ನನ್ನ ಮಗ ಬಸು, ಖಾನಾಪುರದಾಗ ಮೋಟಾರ್‌ಸೈಕಲ್ ರಿಪೇರಿ ಮಾಡತಾನ, ಮಾತು ಕಡಿಮಿ. ಅಂವಾ ಒಂದ ಮಾತು ಹೇಳಿದ್ದ. "ಇದು ಮೂರನೇದು. ಆತೂ ಛಲೋ. ಆಗಲಿಲ್ಲಂದರ ನಿಮ್ಮ ಸ್ವಾದರಮಾವನ ಅರಿವಿ ಅಂಗಡಿಗೆ ಹೋಗು. ಮನ್ಯಾಗ ಕುಂತು ಮಬ್ಬಾಗಬ್ಯಾಡ." ಕೆಟ್ಟ ಮನಸಿನಿಂದ ಹೇಳಿದ ಮಾತಲ್ಲ ಅದು. ಆದರ ಬಂದವರು ಬಿಚ್ಚಿ ಒಗದ ಸೀರಿ ದಿನಾ ಮಡಚಿ ಇಡೂದು ಅಂದರ ಭಾಗಿ ಮಾರಿ ಸಣ್ಣದಾಗತಿತ್ತು. "ಅಲ್ಲಿ ಅಳತಿ ಮಾಡೂದು ಅಂದರ ಮೊಳ ಹಾಕೂದು ಅಷ್ಟ ಅಜ್ಜಾ" ಅಂದಿದ್ದಳು.

ಮೂರನೇ ಇಂಟರ್‌ವ್ಯೂದ ಹಿಂದಿನ ದಿನ ಮಧ್ಯಾಹ್ನ ಕಟ್ಟಿ ಮ್ಯಾಲೆ ಕುಂತು ಹಲಸಿನ ಬೀಜದ ಸಿಪ್ಪಿ ಸುಲಿಯಾಕತ್ತಿದ್ದಿವಿ, ನಾನು, ಅಕಿ. ಒಳಗ ಅತ್ತಿ ಸೊಸಿ ಮಲಗಿದ್ದರು. ಭಾಗಿ ಅಂದಳು, "ಅಜ್ಜಾ, ಒಬ್ಬಾಕಿನೇ ಅಂದೆ, ಆಗಲಿಲ್ಲ. ಎಲ್ಲಾರ ಜೋಡಿ ಅಂದೆ, ಆಗಲಿಲ್ಲ. ಮೂರನೇದ್ದು ಏನ ಉಳೀತು?"

ಮೊದಲನೇ ಉತ್ತರ ಕೆಡಿಸಿದಾಂವ ನಾನ. ಅದೂ ಸುಳ್ಳು ಉತ್ತರ. ಹಂಗಂತ ಗೊತ್ತಿದ್ದೂ ಹೇಳಿದ್ದೆ. ಇನ್ನ ಈ ಹುಡುಗಿಗೆ ಖರೇದ್ದು ಹೇಳದಿದ್ದರ ನಾ ಎಂಥಾ ಅಜ್ಜ ಅನಿಸಿ, ಯಾರಿಗೂ ಹೇಳದ ಕಥಿ ಹೇಳಿದೆ. ಈಗ ನಿಮಗೂ ಹೇಳತೀನಿ.

ಗಸ್ತಿನಾಗ ನನ್ನ ಹದ್ದು ಮುಗಿದಲ್ಲಿಂದ ಧೋಂಡಿಬಾನ ಹದ್ದು ಸುರು ಆಗತಿತ್ತು. ಅಂವಾ ಮರಾಠಿ ಮಾತಾಡಾಂವ, ನಾ ಕನ್ನಡ. ಇಬ್ಬರೂ ಎರಡೂ ಕಲಸಿ ಮಾತಾಡತಿದ್ದಿವಿ. ನನ್ನ ಹತ್ತಿರ ಒಂದು ಸಣ್ಣ ಪುಸ್ತಕ, ಅವನ ಹತ್ತಿರ ಒಂದು. ಹದ್ದಿನ ಗೂಟದ ಹತ್ತಿರ ಇಬ್ಬರೂ ಕೂಡಿ ಪುಸ್ತಕ ಅದಲುಬದಲು ಮಾಡಬೇಕು. ನಾ ಸ್ಟೇಷನ್ನಿಗೆ ತಿರುಗಿ ಹೋದಾಗ ನನ್ನ ಕಿಸೇದಾಗ ಅವನ ಪುಸ್ತಕ ಇರಬೇಕು, ಅವನ ಕಿಸೇದಾಗ ನಂದು. ಅಂದರನ ಸ್ಟೇಷನ್ ಮಾಸ್ತರು ಸಹಿ ಮಾಡತಿದ್ದರು. ನಾ ನಡದೀನಿ ಅನ್ನೂದಕ್ಕ ಸಾಕ್ಷಿ ಅವನ ಕಿಸೇದಾಗ. ನೋಡ್ರಿ, ಎಂಥಾ ಶಾಣ್ಯಾರು ಆ ರೂಢಿ ಹಚ್ಚಿದರೋ. ಪುಸ್ತಕ ಕೊಡೂವಾಗ ಮಾತೂ ಆಗತಿದ್ದವು. ಆ ತಿರುವಿನಾಗ ನೀರು ನಿಂತೈತಿ, ಈ ಕಡೆ ಮಣ್ಣು ಸಡಲ ಐತಿ, ಎಲಿ ಅಡಿಕಿ ಐತೇನು.

ಒಂದು ಮಳಿಗಾಲ ಜೋರು ನೀರಿಗೆ ಹದ್ದಿನ ಗೂಟ ಕಿತ್ತಿ ಹೋತು. ಗೂಟ ಇಲ್ಲಿತ್ತು ಅಂತ ನಾನು. ಇಲ್ಲ, ಇಪ್ಪತ್ತು ಹೆಜ್ಜಿ ನಿನ್ನ ಕಡೆ ಇತ್ತು ಅಂತ ಅಂವಾ. ಇಡೀ ಹದ್ದು ಮೈಲಗಟ್ಟಲೆ ನಡಿಯೂ ನಾವು ಆ ಇಪ್ಪತ್ತು ಹೆಜ್ಜಿಗೆ ಜಗಳಾಡಿದಿವಿ. ಮೂರು ದಿನ ಅಂವಾ ಆ ತುದಿಗೆ, ನಾ ಈ ತುದಿಗೆ ನಿಂತು ಮಳಿಯಾಗ ಒಬ್ಬರಿಗೊಬ್ಬರು ಒದರಿದಿವಿ. ಆಮ್ಯಾಲೆ ಮಾತು ಬಂದ್. ನಡುವ ಒಂದು ಚಪ್ಪಟಿ ಕಲ್ಲು ಇತ್ತು. ಮೊದಲು ಬಂದಾಂವ ತನ್ನ ಪುಸ್ತಕ ರಬ್ಬರಿನ ಚೀಲದಾಗ ಸುತ್ತಿ ಕಲ್ಲಿನ ಕೆಳಗ ಇಟ್ಟು ಹೋಗೂದು. ಎರಡನೇದಾಂವ ಅದನ್ನ ತಗೊಂಡು ತನ್ನದು ಇಡೂದು. ಮೊದಲನೇದಾಂವ ಮುಂದಿನ ಸುತ್ತಿನಾಗ ಬಂದು ಒಯ್ಯೂದು. ಮಾರಿ ನೋಡೂ ಕಾರಣ ಇಲ್ಲ. ಮಾಸ್ತರಿಗೆ ಪುಸ್ತಕ ಸಿಗತಿತ್ತು, ಸಹಿ ಬೀಳತಿತ್ತು. ನಮ್ಮಂಥಾ ಶಾಣ್ಯಾರು ಯಾರೂ ಇಲ್ಲ ಅನಿಸಿತ್ತು.

ಒಂದಿನ ಕಡೀ ಸುತ್ತಿಗೆ, ಬೆಳಕು ಹರದ ಮ್ಯಾಲೆ, ನಾ ಕಲ್ಲಿನ ಹತ್ತಿರ ಬಂದೆ. ಪುಸ್ತಕ ಇತ್ತು. ಕಲ್ಲಿನ ಬಾಜುಕ ಒಂದು ಹಸಿ ಟೊಂಗಿ, ಎಲಿ ಸಮೇತ, ಖಡಿಯಾಗ ನೆಟ್ಟಗ ಊರಿದ್ದ. ನಮ್ಮ ಕಡೆ ಬದುವಿನ ಜಗಳ ಇದ್ದಾಗ ಹಿಂಗ ಟೊಂಗಿ ಊರತಾರ, ಇಲ್ಲೀತನಾ ನಂದು, ದಾಟಬ್ಯಾಡ ಅಂತ. ನನಗ ಸಿಟ್ಟು ಬಂತು. ಅವನ ಟೊಂಗಿ ಕಿತ್ತಿ ನಾಲಾಕ್ಕ ಒಗದೆ. ಅಷ್ಟಕ್ಕ ಬಿಡಲಿಲ್ಲ. ಬಾಜೂದ ಗಿಡದಿಂದ ಇನ್ನೂ ದೊಡ್ಡ ಟೊಂಗಿ ಮುರಕೊಂಡು, ಅವನ ಕಡೆ ಹತ್ತು ಹೆಜ್ಜಿ ಹೋಗಿ ಊರಿಬಂದೆ. ಊರಿ, ನನ್ನ ಕಡೆ ತಿರುಗಿ ನಡದೆ. ಸೀಟಿ ಹೊಡಕೋತ ನಡದಿದ್ದೆ ಅಂತ ನೆನಪು.

ನಾ ಊರಿದ ಟೊಂಗಿಯಿಂದ ಇನ್ನೂರು ಹೆಜ್ಜಿ ಮುಂದ, ಧೋಂಡಿಬಾನ ಹದ್ದಿನಾಗ, ತಿರುವಿನ ಆಚಿ ಕಡೆ, ಒಂದು ದೊಡ್ಡ ಗಿಡ ಬೇರು ಸಮೇತ ಕಿತ್ತಿ ಹಳಿ ಮ್ಯಾಲೆ ವಾಲಿ ನಿಂತಿತ್ತು. ಅದನ್ನ ನೋಡಿದ ಧೋಂಡಿಬಾ ಕಲ್ಲಿನತನಾ ಓಡಿ ಬಂದಾನ. ನಾ ಇನ್ನೂ ಬಂದಿಲ್ಲ. ಮೊದಲಿನಂಗ ಒಬ್ಬರಿಗೊಬ್ಬರು ಕಾಯೂ ರೂಢಿ ಇದ್ದಿದ್ದರ ಬಾಯಿಲೆ ಹೇಳತಿದ್ದ. ಕಾಯಾಕ ಹೊತ್ತಿಲ್ಲ, ಗಾಡಿ ಎರಡೂ ಕಡಿಯಿಂದ ಬರತಾವು, ಒಬ್ಬನೇ ಎರಡೂ ದಿಕ್ಕಿಗೆ ಓಡಾಕ ಆಗೂದಿಲ್ಲ. ಬರಿಯಾಕ ಅವನಿಗೆ ಬರೂದಿಲ್ಲ. ಅದೇ ಗಿಡದ ಟೊಂಗಿ ಮುರದು ತಂದು ಕಲ್ಲಿಗೆ ಊರಿ, ಇದನ್ನ ನೋಡಿದರ ಗಿಡ ಬಿದ್ದದ್ದು ತಿಳೀತೈತಿ, ನನ್ನ ಕಡಿಯಿಂದ ಬರೂ ಗಾಡಿ ನಾ ನಿಲ್ಲಸತೀನಿ ಅಂತ ನನ್ನ ಮ್ಯಾಲೆ ಭರೋಸಾ ಇಟ್ಟು, ತಾನು ತನ್ನ ಕಡೆ, ಗೋವಾ ದಿಕ್ಕಿಗೆ, ಓಡಿ ಹೋಗಿ ಹಳಿ ಮ್ಯಾಲೆ ಪಟಾಕಿ ಇಟ್ಟು ಬಂದಾನ.

ಗಾಡಿ ಬಂದದ್ದು ನನ್ನ ಕಡಿಯಿಂದ. ಮಾಲಗಾಡಿ. ನಾ ಬಾಜುಕ ಸರದು ನಿಂತು ಅದಕ್ಕ ಹಸಿರು ಝಂಡಾ ತೋರಿಸಿದೆ. ಡ್ರೈವರ್ ಕೈ ಎತ್ತಿದ, ನಾನೂ ಎತ್ತಿದೆ. ಗಾಡಿ ಹೋತು. ಸ್ವಲ್ಪ ಹೊತ್ತಿಗೆ ಸೀಟಿ ಕೇಳಿಸಿತು, ಆಮ್ಯಾಲೆ ಗಾಲಿ ಕಿರಗುಟ್ಟೂ ಸಪ್ಪಳ, ಭಾಳ ಉದ್ದನ ಸಪ್ಪಳ. ಓಡಿದೆ. ಹೋಗಿ ನೋಡಿದರ ಇಂಜಿನ್ ನಿಂತೈತಿ, ಮುಂದ ಹತ್ತು ಮಾರಿನ ಮ್ಯಾಲೆ ಗಿಡ. ಧೋಂಡಿಬಾ ಹಳಿ ಮ್ಯಾಲೆ ಕುಂತಾನ, ಕೈಯಾಗ ಕೆಂಪು ಝಂಡಾ, ಎರಡೂ ಮೊಣಕಾಲು ಒಡದು ರಕ್ತ ಸುರಿಯಾಕತ್ತೈತಿ. ಗೋವಾ ಕಡಿಯಿಂದ ತಿರುಗಿ ಬಂದು, ನನ್ನ ಟೊಂಗಿ ನೋಡಿ, ನಾ ಏನು ತಿಳಕೊಂಡೀನಿ ಅಂತ ಅವನಿಗೆ ತಿಳದು, ಗಾಡಿ ಎದುರಿಗೆ ಓಡಿದ್ದ. ನಡುವ ಖಡಿ ಮ್ಯಾಲೆ ಬಿದ್ದು ಎದ್ದು ಓಡಿದ್ದ.

ಗ್ಯಾಂಗಿನವರು ಕೊಡ್ಲಿ ತಗೊಂಡು ಬಂದರು. ಅವರ ಮ್ಯಾಲಿನ ಮುಕಾದಮ ಕೇಳಿದ, "ಮೊದಲ ಯಾರು ನೋಡಿದಿರಿ?"

ನನಗಿಂತ ಮೊದಲ ಧೋಂಡಿಬಾ ಅಂದ, "ಇಬ್ಬರೂರಿ. ಆ ಕಡೆ ಅಂವಾ ನೋಡಿಕೊಂಡ, ಈ ಕಡೆ ನಾ ನೋಡಿಕೊಂಡೆ."

ಮುಕಾದಮ ಆ ಕಡೆ ಹೋದ ಮ್ಯಾಲೆ ನನ್ನ ಮಾರಿ ನೋಡಿ ಅಂದ, "ನಿನ್ನ ಟೊಂಗಿ ಛಾನ್ ಇತ್ತು ರೇ ಬಾಬಾ. ನನ್ನದಕ್ಕಿಂತ ಒಂದು ಗೇಣು ಉದ್ದ."

ಅಷ್ಟ. ಮುಂದ ನಿವೃತ್ತಿ ಆಗೂತನಾ ಆ ಮಾತು ಎತ್ತಲಿಲ್ಲ. ಕಲ್ಲಿನ ಕೆಳಗ ಪುಸ್ತಕ ಇಡೂದು ಅವತ್ತಿಗೆ ಬಿಟ್ಟಿವಿ. ಯಾರು ಮೊದಲು ಬಂದರೂ ಕಾಯೂದು, ಕೈಯಾಗ ಕೊಡೂದು. ಆ ಇಪ್ಪತ್ತು ಹೆಜ್ಜಿ ಇಬ್ಬರೂ ನಡಿತಿದ್ದಿವಿ. ಈಗ ಧೋಂಡಿಬಾ ಇಲ್ಲ.

ಭಾಗಿ ಹಲಸಿನ ಬೀಜ ಸುಲಿಯೂದು ಬಿಟ್ಟು ಕೇಳತಿದ್ದಳು. "ಅಜ್ಜಾ, ಇದನ್ನ ಆಯಿಗೆ ಹೇಳೀಯೇನು?"

"ಇಲ್ಲಬೇ."

"ಯಾಕ?"

"ಕಾಡುಕೋಣ ಒಂಬತ್ತಾಗ್ಯಾವು. ಅದರ ಮ್ಯಾಲೆ ಇದನ್ನ ಯಾವ ಬಾಯಿಲೆ ಹೇಳಲಿ?"

ಅಕಿ ನಕ್ಕಳು. ಆಮ್ಯಾಲೆ ತನ್ನದೊಂದು ಕಥಿ ಹೇಳಿದಳು. ಕಾಲೇಜಿನಾಗ ಕಡೀ ವರ್ಷ ನಾಕು ಮಂದಿ ಕೂಡಿ ಶೇಂಗಾ ಒಡಿಯೂ ಮಷೀನ್ ಮಾಡಿದ್ದರಂತ. ಶಿಲ್ಪಾ ಅನ್ನೂ ಹುಡುಗಿ ಅಳದದ್ದನ್ನ ಇಕಿ ಎಲ್ಲಾರ ಮುಂದ ಮತ್ತ ಮತ್ತ ಅಳದು ನೋಡತಿದ್ದಳಂತ. ಶಿಲ್ಪಾ ಸಿಟ್ಟಾಗಿ ಮಾತು ಬಿಟ್ಟಳು. "ಬಿಟ್ಟರ ಬಿಡಲಿ, ನಾ ಒಬ್ಬಾಕಿನೇ ಅಳೀತೀನಿ" ಅಂತ ಇಕಿ ಎಲ್ಲಾನೂ ಒಬ್ಬಾಕಿನೇ ಅಳದು ಬರದಳು. ಸಾಮಾನು ತಯಾರಾಗಿ ಬಂತು. ಜೋಡಸಾಕ ಹೋದರ ಒಂದೂ ಕೂಡಲಿಲ್ಲ. ಕಾಲೇಜಿನ ವರ್ನಿಯರ್ ಒಮ್ಮೆ ಕೆಳಗ ಬಿದ್ದು ಅದರ ಸೊನ್ನಿ ಸರದಿತ್ತಂತ, ಅಂದರ ಬಾಯಿ ಪೂರಾ ಮುಚ್ಚಿದರೂ ಸೊನ್ನಿ ತೋರಸತಿರಲಿಲ್ಲ. ಬಿದ್ದದ್ದನ್ನ ನೋಡಿದಾಕಿ ಶಿಲ್ಪಾ. ಆದರ ಮಾತಿಲ್ಲಲ್ಲ, ಹೇಳಲಿಲ್ಲ. ಇಕಿಯೂ ಕೇಳಲಿಲ್ಲ.

"ನಂದೂ ಟೊಂಗಿ ಕಥಿನ ಅಜ್ಜಾ" ಅಂದಳು. "ನಾಳೆ ಇದನ್ನ ಹೇಳಲೇನು?"

ನಾ ಗಾಬರಿ ಆದೆ. "ಹುಚ್ಚಿ ಅದೀಯೇನು? ಅಳತಿ ಮಾಡೂ ನೌಕರಿ ಕೇಳಾಕ ಹೋಗಿ ಅಳತಿ ತಪ್ಪಿದ್ದನ್ನ ಹೇಳತಾರೇನು? ನನ್ನಂಗ ಸುಮ್ಮ ಇರು." ಎರಡನೇ ಸಲ ಅಕಿಗೆ ಖೊಟ್ಟಿ ಸಲಹಾ ಕೊಟ್ಟೆ ನೋಡ್ರಿ. ವಯಸ್ಸಾದರ ಬುದ್ಧಿ ಬರತೈತಿ ಅನ್ನೂದು ವಯಸ್ಸಾದವರು ಹೇಳಿದ ಮಾತಿರಬೇಕು.

ಮರುದಿನ ನಾನೂ ಜೋಡಿ ಹೋದೆ. ಕಾರಖಾನಿ ಗೇಟಿನೊಳಗ ಅಕಿ ಹೋದಳು, ನಾ ಎದುರಿನ ಚಹಾದ ಗಾಡೀ ಮುಂದಿನ ಬಾಕಿನ ಮ್ಯಾಲೆ ಕುಂತೆ. ಅಲ್ಲ, ಕುಂತೆ, ಎದ್ದೆ, ಮತ್ತ ಕುಂತೆ. ಚಹಾ ಮಾಡೂ ಹೆಣಮಗಳು ಅಂದಳು, "ಕುಂದರ್ರಿ ಕಾಕಾ. ಬಾಕಿನ ಕಾಲು ಮೊದಲ ಸಡಲ ಅದಾವು."

"ಮೊಮ್ಮಗಳು ಒಳಗ ಹೋಗ್ಯಾಳವಾ. ಇಂಟರ್‌ವ್ಯೂಕ್ಕ."

"ಅಕಿ ಒಳಗ ಕುಂತಾಳ, ನೀವು ಹೊರಗ ಬೆವರಾಕತ್ತೀರಿ. ನೌಕರಿ ಯಾರಿಗೆ ಬೇಕಾಗೇತ್ರಿ?"

ಮೂರು ಚಹಾ ಕುಡದೆ. ನಾಕನೇದ್ದು ಅಕಿ ಕೊಡಲಿಲ್ಲ.

ಒಂದೂವರಿ ತಾಸಿನ ಮ್ಯಾಲೆ ಭಾಗಿ ಬಂದಳು. ಬಾಕಿನ ಮ್ಯಾಲೆ ಕುಂತು ಹೇಳಿದಳು. ಒಳಗ ಇಬ್ಬರು ಸರ್, ಒಬ್ಬರು ಮೇಡಮ್ಮು, ಮೂರು ಮಂದಿ ಇದ್ದರು. ಏಳನೇ ಪ್ರಶ್ನೆ ಬಂತು, ಕೂದಲು ಬೆಳ್ಳಗಾದ ಒಬ್ಬ ಸರ್ ಕೇಳಿದರು. ಇಕಿ ಶೇಂಗಾ ಮಷೀನಿನ ಕಥಿ ಹೇಳಿಬಿಟ್ಟಳು, ಶಿಲ್ಪಾ, ಸರದ ಸೊನ್ನಿ, ಎಲ್ಲಾ.

"ಹೇಳಿದಿ?" ಅಂದೆ. ನನ್ನ ಕೈಯಾಗಿನ ಖಾಲಿ ಕಪ್ಪು ಕೆಳಗ ಬಿತ್ತು.

"ಹೇಳಿದೆ. ಹಂಗಾದರ ನಿನಗ ಒಬ್ಬಾಕಿನೇ ಮಾಡೂದು ಬೇಕೋ, ಮಂದಿ ಜೋಡಿ ಬೇಕೋ ಅಂತ ಮತ್ತ ಕೇಳಿದರು. ನಾ ಅಂದೆ, ಅಳತಿ ತಗೊಳ್ಳೂದು ಒಬ್ಬರ ಕೆಲಸ್ರೀ ಸರ್, ನಡುವ ಯಾರೂ ಮಾತಾಡಸಬಾರದು. ಅಳತಿ ಖರೇ ಐತೋ ಇಲ್ಲೋ ಅನ್ನೂದು ಇಬ್ಬರ ಕೆಲಸ. ನಾನು ಒಂದರಾಗ ಪಕ್ಕಾ ಅದೀನಿ, ಎರಡನೇದ್ದು ಈಗ ಕಲಿಯಾಕತ್ತೀನಿ."

"ಅದಕ್ಕ ಏನಂದರು?"

"ಒಂದು ವರ್ನಿಯರ್ ಕೊಟ್ಟು, ಒಂದು ಕಬ್ಬಿಣದ ತುಂಡು ಕೊಟ್ಟು, ಅಳಿ ಅಂದರು. ನಾ ಮೊದಲ ಸೊನ್ನಿ ನೋಡಿದೆ. ಸರದಿತ್ತು ಅಜ್ಜಾ. ಬೇಕಂತನ ಅಂಥಾದ್ದು ಇಟ್ಟಿದ್ದರೋ ಏನೋ. ಸರ್, ಇದನ್ನ ಇನ್ನೊಬ್ಬರು ಒಮ್ಮೆ ನೋಡಲಿ ಅಂದೆ. ಮೇಡಮ್ಮು ಸರ್ ಮಾರಿ ನೋಡಿದರು. ತಿಳಸತೀವಿ ಅಂದರು."

ತಿಳಸತೀವಿ ಅನ್ನೂ ಮಾತು ಮೂರನೇ ಸಲ. ಮುಂದ ನಾಕು ದಿನ ಅಕಿ ಏನೂ ಅಳೀಲಿಲ್ಲ, ವರ್ನಿಯರ್ ಡಬ್ಬಿಯೊಳಗ ಇತ್ತು. ಬುಧವಾರ ಸಂಜಿಕ ಸ್ವಾದರಮಾವ ಫೋನ್ ಮಾಡಿ, ಅಂಗಡಿಗೆ ಯಾವಾಗಿಂದ ಬರತಾಳ ಅಂತ ಕೇಳಿದ. ಬಸು ನನ್ನ ಮಾರಿ ನೋಡಿದ. ನಾ ಅಂಗಳಕ್ಕ ಹೋದೆ. ಗುರುವಾರ ಮುಂಜಾನಿ ಏನಾತು ಅನ್ನೂದು ನಿಮಗ ಗೊತ್ತ ಐತಿ.

ನಮ್ಮ ಮನಿಯಾಗ ಐದು ಮಂದಿ ಇದ್ದರೂ ಐದು ಹೊತ್ತಿಗೆ ಉಣ್ಣೂ ರೂಢಿ. ನಂದು ಏಳಕ್ಕ, ಭಾಗಿದು ಟಿವಿ ಮುಂದ, ಬಸೂದು ಅಂಗಡಿ ಮುಚ್ಚಿ ಬಂದಾಗ, ನಮ್ಮಾಕಿದು ನೆನಪಾದಾಗ, ಸೊಸಿ ಸುಮಿತ್ರಾಂದು ಎಲ್ಲಾರದು ಮುಗದ ಮ್ಯಾಲೆ. ಅವತ್ತು ಸಂಜಿಕ ಬಸು ಅಂಗಡಿ ಲಗೂ ಮುಚ್ಚಿದ. ಬೆಳಗಾವಿಗೆ ಹೋದವರ ಕೈಯಾಗ ಹೇಳಿ ಕುಂದಾ ತರಿಸಿದ್ದ. ಬಂದಾಂವ ಡಬ್ಬಿ ಮಗಳ ಕೈಯಾಗ ಕೊಟ್ಟು ಬಚ್ಚಲಕ್ಕ ಹೋಗಿ ಭಾಳ ಹೊತ್ತು ಕೈ ತೊಳದ. ಅತ್ತಿ ಸೊಸಿ ಇಬ್ಬರೂ ಕೂಡಿ ಶಾವಗಿ ಪಾಯಸ, ಎಣಗಾಯಿ, ಅನ್ನ, ಸಾರು ಮಾಡಿದ್ದರು. ಭಾಗಿ ಅಡಗಿಮನಿಯಾಗಿನ ಭಾಂಡೆ ಎಲ್ಲಾ ತಂದು ನಡುವ ಇಟ್ಟು, "ಅವ್ವಾ, ನೀನೂ ಕುಂದ್ರು. ಯಾರೂ ಬಡಸಬ್ಯಾಡ್ರಿ, ಬೇಕಾದವರು ತಗೋರಿ" ಅಂದಳು. ಸುಮಿತ್ರಾ ಎರಡು ಸಲ ಏಳಾಕ ಹೋದಳು, ಭಾಗಿ ಸೆರಗು ಹಿಡದು ಕುಂದರಿಸಿದಳು.

ಎಣಗಾಯಿ ಬಾಯಾಗ ಇಟ್ಟೆ. ಉಪ್ಪಿರಲಿಲ್ಲ. ನಾ ಯಾರಿಗೂ ಹೇಳಲಿಲ್ಲ. ಬಸೂನೂ ಒಂದು ತುತ್ತು ತಿಂದು ಸುಮ್ಮಾದ. ಭಾಗಿ ತಿಂದು ಅವರವ್ವನ ಮಾರಿ ನೋಡಿದಳು. ಸುಮಿತ್ರಾ ತಾನೂ ತಿಂದು, ಅತ್ತಿ ಕಡೆ ನೋಡಿ, "ಅತ್ತಿ, ಉಪ್ಪು ನೀವು ಹಾಕಿದ್ರಿ ಅಲ್ಲ?" ಅಂದಳು.

"ನಾ ಎಲ್ಲಿ? ನೀ ಹಾಕೀದಿ ಅಂತ ನಾ ಬಿಟ್ಟೆ" ಅಂದಳು ನಮ್ಮಾಕಿ.

ಭಾಗಿ ನಗಾಕ ಹತ್ತಿದಳು. ನಾನೂ ನಕ್ಕೆ. ಯಾಕ ನಗಾಕತ್ತೀವಿ ಅಂತ ಉಳಿದವರಿಗೆ ತಿಳೀಲಿಲ್ಲ, ಆದರೂ ನಕ್ಕರು. ಉಪ್ಪಿನ ಡಬ್ಬಿ ಒಳಗ ಉಳದಿತ್ತು. ತರೂನಂತ ನಾ ಎದ್ದೆ, ಬಸು ಎದ್ದ, ಸುಮಿತ್ರಾ ಎದ್ದಳು, ಭಾಗಿ ಎದ್ದಳು. ನಾಕೂ ಮಂದಿ ಅಡಗಿಮನಿ ಬಾಗಲದಾಗ ಒಬ್ಬರಿಗೊಬ್ಬರು ಡಿಕ್ಕಿ ಹೊಡದು ನಿಂತಿವಿ.

"ಚಿಟಿಕಿ ಉಪ್ಪಿಗೆ ಒಂದು ಗ್ಯಾಂಗ್" ಅಂದಳು ನಮ್ಮಾಕಿ, ನೆಲಕ್ಕ ಕೈ ಊರಿ ಏಳಕೋತ. "ಸರೀರಿ ಎಲ್ಲಾರೂ. ನಾ ಒಬ್ಬಾಕಿನೇ ತರತೀನಿ."

ನಾವು ತಿರುಗಿ ಬಂದು ಕುಂತಿವಿ. ಅಕಿ ಉಪ್ಪು ತಂದಳು, ಐದೂ ತಾಟಿನ ಅಂಚಿಗೆ ಒಂದೊಂದು ಚಿಟಿಕಿ ಇಟ್ಟಳು, ತಾನೂ ಕುಂತಳು. ಉಂಡಿವಿ.